ಕೇಳಿದರಷ್ಟೇ ಓಗೊಡುವ ಡಿಸ್ಕು

ಹಲವು ವರ್ಚುವಲ್ ಗಣಕಗಳನ್ನು ತನ್ನೊಳಗೆ ನಡೆಸುತ್ತಿರುವ ಆತಿಥೇಯ ಯಂತ್ರವೊಂದಕ್ಕೆ, ದೂರದ ಸಂಗ್ರಹಾಗಾರದಿಂದ ಹೊಸ ಡಿಸ್ಕೊಂದನ್ನು ಒದಗಿಸಿದೆವೆನ್ನೋಣ. ಆದರೂ ಯಂತ್ರಕ್ಕೆ ಅದು ಕಾಣದೆ ಹೋಗಬಹುದು. ಕೆಟ್ಟಿತೆಂದು ಬಗೆಯಬೇಡಿ. ಸ್ಕಸಿ ಎಂಬ ಸಂಪರ್ಕ ನಿಯಮದಂತೆ ಪ್ರಶ್ನಿಸುವುದು ಯಂತ್ರದ ಕೆಲಸ; ಸಂಗ್ರಹಾಗಾರ ಉತ್ತರಿಸುತ್ತದೆ, ಅಷ್ಟೆ. ಹಿಂದೆಂದೋ ಕೇಳಿ ಬರೆದುಕೊಂಡ ಪಟ್ಟಿಯನ್ನೇ ಯಂತ್ರ ನಂಬಿರುತ್ತದೆ. ಆದುದರಿಂದ ‘ನಿನ್ನಲ್ಲಿ ಯಾವ ಯಾವ ಡಿಸ್ಕುಗಳುಂಟು?’ ಎಂದು ಮತ್ತೆ ಕೇಳಿಸಬೇಕು. ಇದೇ ಮರುಶೋಧನೆ.

ಲಿನಕ್ಸ್ ಯಂತ್ರದಲ್ಲಿ ಆಯಾ ಅಡಾಪ್ಟರಿನ ‘ಸ್ಕ್ಯಾನ್’ ಕಡತಕ್ಕೆ ಎಡೆಬಿಟ್ಟು ಮೂರು ಅಡ್ಡಗೆರೆಗಳನ್ನು ಬರೆದರಾಯಿತು: ಯಾವ ಚಾನೆಲ್ಲಾದರೂ, ಯಾವ ಸಾಧನವಾದರೂ, ಅದರ ಯಾವ ಡಿಸ್ಕಾದರೂ ಸರಿ ಎಂದರ್ಥ. ಎಂಥ ಮಿತಭಾಷೆ! ಯಂತ್ರವನ್ನು ನಿಲ್ಲಿಸಿ ಮತ್ತೆ ಪ್ರಾರಂಭಿಸಿದರೂ ಡಿಸ್ಕು ಕಂಡೀತು. ಆದರೆ ಒಳಗಿನ ಗಣಕಗಳ ಕೆಲಸವೆಲ್ಲ ಅಷ್ಟು ಹೊತ್ತು ಸ್ತಬ್ಧ. ಹಿಂತೆಗೆದುಕೊಂಡ ಡಿಸ್ಕಿನ ಹೆಸರನ್ನು ಮಾತ್ರ ಈ ಶೋಧನೆ ಅಳಿಸದು. ಅದನ್ನು ಬೇರೆಯಾಗಿಯೇ ತೆಗೆಯಬೇಕು.