ಮಗುವಿನ ಹೊಟ್ಟೆನೋವು: ಹರಳೆಣ್ಣೆ ಕುಡಿಸುವ ಮುನ್ನ

ಮಕ್ಕಳಿರುವ ಮನೆಗೆ ಹೊಟ್ಟೆನೋವು ಅಪರೂಪದ ಅತಿಥಿಯಲ್ಲ. ಅಜೀರ್ಣವೋ, ಮಲಬದ್ಧತೆಯೋ, ಜಂತುಹುಳುವೋ ಇರಬೇಕೆಂದು ಓಮದ ಕಷಾಯ ಕುಡಿಸಿ ತಾಯಂದಿರು ನಿಶ್ಚಿಂತರಾಗುತ್ತಾರೆ. ಬಹುಪಾಲು ನೋವುಗಳು ಅಷ್ಟರಲ್ಲೇ ಇಳಿಯುವುದೂ ಉಂಟು. ಆದರೆ ಇವುಗಳ ಮರೆಯಲ್ಲಿ ಬರುವ ಒಂದು ನೋವಿಗೆ ಮನೆಮದ್ದಿಲ್ಲ; ಕಾದು ನೋಡಲು ಕಾಲಾವಕಾಶವೂ ಇಲ್ಲ. ಅದೇ ಅಪೆಂಡಿಸೈಟಿಸ್, ಎಂದರೆ ಕರುಳುಬಾಲದ ಉರಿಯೂತ.

ದೊಡ್ಡ ಕರುಳು ಆರಂಭವಾಗುವೆಡೆ, ಹೊಟ್ಟೆಯ ಬಲಗಡೆಯ ಕೆಳಭಾಗದಲ್ಲಿ ಜೋತುಬಿದ್ದಿರುವ ಕಿರಿದಾದ ಕೊಳವೆಯೇ ಕರುಳುಬಾಲ. ಗಟ್ಟಿಯಾದ ಮಲದ ಹರಳಿನಂಥ ವಸ್ತುವಿನಿಂದ ಅದರ ಬಾಯಿ ಕಟ್ಟಿಕೊಂಡರೆ ಒಳಗೆ ರೋಗಾಣುಗಳು ವೃದ್ಧಿಸಿ, ಅದು ಬಾತು ಕೀವು ತುಂಬುತ್ತದೆ. ತಡವಾದರೆ ಒಡೆದು, ಕೀವು ಹೊಟ್ಟೆಯೊಳಗೆ ಹರಡಿ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಕರುಳುಬಾಲವನ್ನು ಶಸ್ತ್ರಕ್ರಿಯೆಯಿಂದ ತೆಗೆದ ಮೊದಲ ದಾಖಲೆಯೂ ಒಬ್ಬ ಬಾಲಕನದೇ. 1735ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಕ್ಲಾಡಿಯಸ್ ಅಮ್ಯಾಂಡ್, 11 ವರ್ಷದ ಹುಡುಗನೊಬ್ಬನ ಹರ್ನಿಯಾ ಬಿಡಿಸುವಾಗ, ಗುಂಡುಸೂಜಿ ಚುಚ್ಚಿ ತೂತಾಗಿದ್ದ ಕರುಳುಬಾಲವನ್ನು ಕಂಡು ತೆಗೆದರು, ಹುಡುಗ ಬದುಕಿಕೊಂಡ. ಆದರೂ ಈ ರೋಗವನ್ನು ಸ್ಪಷ್ಟವಾಗಿ ವಿವರಿಸಿ, ಅದಕ್ಕೆ ಹೆಸರಿಟ್ಟು, ಬೇಗನೆ ಶಸ್ತ್ರಕ್ರಿಯೆಯಾಗಬೇಕೆಂದು ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್ ಸಾರಿದ್ದು 1886ರಲ್ಲಿ.

ಗುರುತಿಸುವುದು ಹೇಗೆ? ಸಾಮಾನ್ಯವಾಗಿ ನೋವು ಮೊದಲು ಹೊಕ್ಕುಳ ಸುತ್ತ ಕಾಣಿಸಿಕೊಂಡು, ಕೆಲವು ಗಂಟೆಗಳಲ್ಲಿ ಬಲಗಡೆಯ ಕೆಳಕ್ಕೆ ಸರಿದು ಅಲ್ಲಿಯೇ ನೆಲೆಸುತ್ತದೆ. ಮಗು ಅಚ್ಚುಮೆಚ್ಚಿನ ತಿಂಡಿಯನ್ನೂ ಮುಟ್ಟುವುದಿಲ್ಲ. ನೋವಿನ ಹಿಂದೆಯೇ ವಾಂತಿ, ಅಲ್ಪ ಜ್ವರ ಬರುತ್ತವೆ. ಕೆಮ್ಮಿದರೆ, ಕುಪ್ಪಳಿಸಿದರೆ, ವಾಹನ ಕುಲುಕಿದರೆ ನೋವು ಹೆಚ್ಚುತ್ತದೆ. ಮಗು ಬಾಗಿಕೊಂಡೇ ನಡೆಯುತ್ತದೆ.

ಐದು ವರ್ಷದೊಳಗಿನ ಮಕ್ಕಳಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಿರಬೇಕು. ನೋವಿನ ಜಾಗವನ್ನು ಹೇಳಲರಿಯದ ಎಳೆಯರಲ್ಲಿ ಬರಿಯ ಅಳು, ವಾಂತಿ, ಕೆಲವೊಮ್ಮೆ ಭೇದಿಯಷ್ಟೇ ಕಾಣಬಹುದು. ಆದ್ದರಿಂದಲೇ ಇವರಲ್ಲಿ ರೋಗ ಪತ್ತೆಯಾಗುವ ವೇಳೆಗೆ ಕರುಳುಬಾಲ ಒಡೆದಿರುವುದು ಹೆಚ್ಚು. ತೀವ್ರವಾಗಿದ್ದ ನೋವು ಥಟ್ಟನೆ ಇಳಿದರೂ ಹಿಗ್ಗುವಂತಿಲ್ಲ; ಒಡೆದದ್ದರ ಸೂಚನೆಯೂ ಅದಾಗಿರಬಹುದು.

ಇಂಥ ನೋವಿಗೆ ಹರಳೆಣ್ಣೆಯಾಗಲಿ, ಬೇರೆ ಭೇದಿಯ ಔಷಧವಾಗಲಿ, ಎನಿಮಾವಾಗಲಿ ಕೂಡದು. ಬಾತ ಕರುಳುಬಾಲ ಒಡೆಯುವ ಭಯವುಂಟು. ಹೊಟ್ಟೆಯನ್ನು ತಿಕ್ಕುವುದೂ ಬೇಡ. ಊಟ ಕೊಡದೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ವೈದ್ಯರು ಹೊಟ್ಟೆಯನ್ನು ಮುಟ್ಟಿ ಪರೀಕ್ಷಿಸಿ, ರಕ್ತದ ಬಿಳಿಕಣಗಳನ್ನೂ ಮೂತ್ರವನ್ನೂ ಪರೀಕ್ಷೆ ಮಾಡಿಸಿ, ಅಲ್ಟ್ರಾಸೌಂಡ್ ತೆಗೆಸುತ್ತಾರೆ. ಸಂದೇಹ ತೀರದಿದ್ದರೆ ಕೆಲವು ಗಂಟೆಗಳ ಅನಂತರ ಮತ್ತೆ ಪರೀಕ್ಷಿಸುವುದುಂಟು. ಅದನ್ನು ಅಲಕ್ಷ್ಯವೆಂದು ತಿಳಿಯಬಾರದು. ನೋವುನಿವಾರಕ ಕೊಟ್ಟರೆ ರೋಗಲಕ್ಷಣ ಮರೆಯಾದೀತೆಂಬ ಹಳೆಯ ಅಂಜಿಕೆಯನ್ನೂ ವೈದ್ಯರು ಈಗ ಕೈಬಿಟ್ಟಿದ್ದಾರೆ.

ರೋಗ ಖಚಿತವಾದರೆ ರಕ್ತನಾಳದ ಮೂಲಕ ದ್ರವವನ್ನೂ ಆಂಟಿಬಯಾಟಿಕ್ಕನ್ನೂ ಕೊಟ್ಟು ಶಸ್ತ್ರಕ್ರಿಯೆ ಮಾಡುತ್ತಾರೆ. ಲ್ಯಾಪರೊಸ್ಕೋಪ್ ಬಳಸಿದರೆ ಸಣ್ಣ ರಂಧ್ರಗಳೇ ಸಾಕು. ತೊಡಕಿಲ್ಲದಿದ್ದರೆ ಮಗು ಒಂದೆರಡು ದಿನಗಳಲ್ಲೇ ಮನೆಗೆ ಮರಳಬಹುದು. ಆಯ್ದ ಕೆಲವರಿಗೆ ಆಂಟಿಬಯಾಟಿಕ್ ಒಂದೇ ಸಾಕಾದೀತು. ಆದರೆ ರೋಗ ಮರುಕಳಿಸುವ ಸಂಭವವಿದೆ. ಒಡೆದಿದ್ದರೆ ಮಾತ್ರ ಚಿಕಿತ್ಸೆ ದೀರ್ಘವಾಗುತ್ತದೆ.

ಹೊಟ್ಟೆನೋವಿಗೆಲ್ಲ ಹೆದರಬೇಕಾಗಿಲ್ಲ. ಆದರೆ ಗಂಟೆ ಕಳೆದಂತೆ ಹೆಚ್ಚುವ, ಬಲಕ್ಕೆ ಸರಿಯುವ, ಆಟವನ್ನೂ ಊಟವನ್ನೂ ಮರೆಸುವ ನೋವನ್ನು ಬೆಳಗಿನವರೆಗೆ ಕಾಯಿಸಬಾರದು. ಅಪಾಯವಲ್ಲವೆಂದು ವೈದ್ಯರ ಬಾಯಿಂದ ಕೇಳಿ ಮರಳಿದರೆ ನಷ್ಟವೇನಿಲ್ಲ. ಕಳೆದ ರಾತ್ರಿ ಮಾತ್ರ ಮರಳಿ ಬಾರದು.