ಉಪ್ಪೇರಿದ ಪುಟ್ಟ ಸಮುದ್ರ

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮಗಳು ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. "ಅಪ್ಪಾ, ರಾಜ ಕಾಣವಲ್ದು."

ರಾಜ ಎಂದರೆ ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿದ್ದ ಎರಡು ಕ್ಲೌನ್ ಮೀನುಗಳಲ್ಲಿ ದೊಡ್ಡದು. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ. ಚಿಕ್ಕದರ ಹೆಸರು ಚೋಟು. ನಾವಿರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಊರು ಎಂದರೆ ಹಲವರಿಗೆ ಗೊತ್ತಾದೀತು. ಸುತ್ತ ತೊಗರಿ ಹೊಲ, ಕಪ್ಪು ನೆಲ. ಹತ್ತಿರದ ಸಮುದ್ರಕ್ಕೂ ಇಲ್ಲಿಂದ ಮುನ್ನೂರು ಕಿಲೋಮೀಟರಿಗಿಂತ ಹೆಚ್ಚು ದೂರ. ಇಂಥ ಕಡೆ ಉಪ್ಪುನೀರಿನ ಮೀನು ಸಾಕುವ ಹುಚ್ಚು ನನ್ನದೇ. ಆರ್‌ಒ ನೀರಿಗೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರದ ಉಪ್ಪಿನ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂ ಬೆರೆಸಿದರೆ ಮನೆಯಲ್ಲೇ ಸಮುದ್ರ ತಯಾರು. ಅಡುಗೆ ಉಪ್ಪು ಇದಕ್ಕೆ ನಡೆಯುವುದಿಲ್ಲ.

ಮೀನು ಕಾಣದಿದ್ದರೆ ಮೊದಲು ನೋಡಬೇಕಾದದ್ದು ತೊಟ್ಟಿಯೊಳಗಲ್ಲ, ಹೊರಗೆ. ಮೇಲ್ಮುಚ್ಚಳ ಇಲ್ಲದ ತೊಟ್ಟಿಯಿಂದ ಮೀನು ಜಿಗಿಯುವುದುಂಟು. ಮೇಜಿನ ಕೆಳಗೆ, ಪರದೆಯ ಹಿಂದೆ ಹುಡುಕಿದೆವು. ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿದೆ. ಇಲ್ಲ. ಮಗಳು ಹಲ್ಲುಜ್ಜಲು ಹೋದಾಗ ಬ್ಯಾಟರಿ ಹಿಡಿದು ಕಲ್ಲುಗಳ ಸಂದಿಗೆ ಬೆಳಕು ಬಿಟ್ಟೆ. ಹಿಂಬದಿಯ ಮೂಲೆಯಲ್ಲಿ ಹರ್ಮಿಟ್ ಏಡಿಗಳೆರಡೂ ಗುಂಪುಗೂಡಿದ್ದವು. ಖಾಲಿ ಶಂಖವನ್ನೇ ಮನೆ ಮಾಡಿಕೊಂಡು ತಿರುಗುವ ಈ ಏಡಿಗಳು ಸತ್ತದ್ದನ್ನು ತಿಂದು ತೊಟ್ಟಿ ಚೊಕ್ಕಟ ಮಾಡುತ್ತವೆ. ಅವು ಎಳೆದಾಡುತ್ತಿದ್ದದ್ದು ರಾಜನನ್ನೇ.

ಹೆಂಡತಿ ಮೆಲ್ಲಗೆ ಹೇಳಿದಳು, "ಕಲ್ಲಿನೊಳಗ ಅಡಗ್ಯಾದ ಅಂತ ಹೇಳ್ರಿ. ಮುಂದಿನ ವಾರ ಹೈದರಾಬಾದಿಂದ ಅಂಥದ್ದೇ ಒಂದು ತಂದು ಬಿಡ್ರಿ." ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಎನಿಸಿತ್ತು. ಅಷ್ಟರಲ್ಲಿ ಮಗಳು ಬಾಯಲ್ಲಿ ನೊರೆ ಇಟ್ಟುಕೊಂಡೇ ಬಂದು ನಿಂತಳು. "ಸತ್ತದೇನು? ನಿನ್ನೆ ನಾ ಊಟ ಜಾಸ್ತಿ ಹಾಕಿದ್ದೆ. ಅದಕ್ಕ ಸತ್ತಿತೇನಪ್ಪಾ?"

ಕಾರಣ ನನಗೂ ಗೊತ್ತಿರಲಿಲ್ಲ. ಆದರೆ ಆ ಪ್ರಶ್ನೆ ಕೇಳಿದ ಮೇಲೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

ದೊಡ್ಡ ತೊಟ್ಟಿಯಲ್ಲಿ ಸಣ್ಣ ಮೀನೊಂದು ಸತ್ತರೆ ಏಡಿ, ಹುಳಗಳೇ ತಿಂದು ಮುಗಿಸುತ್ತವೆ. ನಮ್ಮದರಲ್ಲಿ ಇದ್ದದ್ದು ಸುಮಾರು 50 ಲೀಟರ್ ನೀರು. ಕೊಳೆಯುವ ದೇಹದಿಂದ ಅಮೋನಿಯಾ ಹೊರಬರುತ್ತದೆ. ಕಲ್ಲು, ಮರಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ ನಿಜ. ಒಮ್ಮೆಲೇ ಹೊರೆ ಬಿದ್ದರೆ ಅವಕ್ಕೂ ಸಾಲುವುದಿಲ್ಲ. ಸಮುದ್ರದ ನೀರು ಕ್ಷಾರೀಯವಾದ್ದರಿಂದ ಅಮೋನಿಯಾದ ವಿಷವೂ ಸಿಹಿನೀರಿಗಿಂತ ಅಲ್ಲಿ ಹೆಚ್ಚು. ಕಳೇಬರ ಅಲ್ಲೇ ಉಳಿದರೆ ಮುಂದಿನ ಸರದಿ ಚೋಟುವಿನದು.

ಕೈಗವಸು ಹಾಕಿಕೊಂಡು ಜಾಳಿಗೆಯಿಂದ ರಾಜನನ್ನು ಎತ್ತಿದೆ. ಕೈಯಲ್ಲಿ ಗಾಯವಿದ್ದರೆ ಬರಿಗೈ ಹಾಕಲೇಬಾರದು; ಮೀನಿನ ತೊಟ್ಟಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ತಿಂಗಳುಗಟ್ಟಲೆ ವಾಸಿಯಾಗದ ಹುಣ್ಣು ಬರುವುದುಂಟು. ಬಿಸಾಡುವ ಮುನ್ನ ಮೈ ನೋಡಿದೆವು. ಬಿಳಿ ಚುಕ್ಕೆ ಇದ್ದರೆ, ಹೊಟ್ಟೆ ಉಬ್ಬಿದ್ದರೆ ರೋಗ ಇರಬಹುದು. ಏಡಿ ಕಿತ್ತ ಜಾಗ ಬಿಟ್ಟರೆ ಅಂಥದ್ದೇನೂ ಕಾಣಲಿಲ್ಲ. ಹಾಗಾಗಿ ಔಷಧಿಯ ಗೊಡವೆಗೆ ಹೋಗಲಿಲ್ಲ.

ಅಮೋನಿಯಾ ಪರೀಕ್ಷೆಯ ಕಿಟ್ ತೆಗೆದೆ. ನೀರು ಹಳದಿ ಉಳಿದರೆ ಕ್ಷೇಮ. ನಮ್ಮದು ತಿಳಿಹಸಿರಿಗೆ ತಿರುಗಿತು. ಹತ್ತು ಲೀಟರ್ ನೀರು ಬದಲಿಸಲೇಬೇಕು. ಮೊದಲೇ ಕಲಸಿಟ್ಟಿದ್ದ ಉಪ್ಪುನೀರಿನ ಕ್ಯಾನು ಎತ್ತಿಕೊಂಡು ಬರುತ್ತಿದ್ದೆ. ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ನಮ್ಮವ್ವ ಕೇಳಿದಳು:

"ದಿನಾ ಅದೇ ಕ್ಯಾನಿನ ನೀರು ಸುರೀತಿಯಲ್ಲೋ, ಉಪ್ಪು ಏರಂಗಿಲ್ಲೇನು? ಸಾರು ಬತ್ತಿದ್ರ ಬರೇ ನೀರು ಹಾಕ್ತಾರ, ಮತ್ತ ಉಪ್ಪುನೀರು ಹಾಕ್ತಾರೇನು?"

ನಾನು ಕ್ಯಾನು ಅಲ್ಲೇ ಇಳಿಸಿದೆ.

ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುವ ಬಿಸಿಲು, ಒಣ ಗಾಳಿ, ಮೇಲೆ ಫ್ಯಾನು. ತೊಟ್ಟಿಯಿಂದ ದಿನಕ್ಕೆ ಒಂದು ಲೀಟರಿನಷ್ಟು ನೀರು ಆವಿಯಾಗುತ್ತಿತ್ತು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ನಾನು ಹತ್ತು ದಿನದಿಂದ ಉಪ್ಪುನೀರಿನಿಂದಲೇ ತುಂಬುತ್ತಿದ್ದೆ. ಮಗಳನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆವು. 50 ಲೀಟರಿನಲ್ಲಿ ಮೊದಲಿದ್ದ ಉಪ್ಪು 1,750 ಗ್ರಾಂ. ದಿನಕ್ಕೆ 35 ಗ್ರಾಂ ಸೇರಿ ಹತ್ತು ದಿನಕ್ಕೆ 350. ಒಟ್ಟು 2,100. ಅಂದರೆ ಲೀಟರಿಗೆ 42 ಗ್ರಾಂ! ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಡಬ್ಬಿಯಲ್ಲೇ ಮಲಗಿತ್ತು. ಹೊರತೆಗೆದು ನೋಡಿದರೆ ಅದೂ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಕೆಂಪು ಸಮುದ್ರದಲ್ಲಿ ಲೀಟರಿಗೆ 40 ಗ್ರಾಂ ಉಪ್ಪಿದ್ದರೂ ಮೀನುಗಳಿವೆ. ಆದರೆ ಅವು ಅಲ್ಲೇ ಹುಟ್ಟಿ ಬೆಳೆದವು. ಹತ್ತೇ ದಿನದಲ್ಲಿ ಒಗ್ಗಿಕೊಂಡವಲ್ಲ. ಜೊತೆಗೆ ನೀರು ಬಿಸಿಯಾದಷ್ಟೂ, ಉಪ್ಪಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಹಿಂದಿನ ರಾತ್ರಿ ಕರೆಂಟ್ ಹೋಗಿ ಗಾಳಿಯ ಪಂಪು ತಾಸುಗಟ್ಟಲೆ ನಿಂತಿತ್ತು. ಮೊದಲೇ ಸೊರಗಿದ್ದ ರಾಜನಿಗೆ ಅಷ್ಟೇ ಸಾಕಾಗಿರಬೇಕು.

"ನಿನ್ನ ಊಟದಿಂದಲ್ಲ ಪುಟ್ಟಿ, ನನ್ನ ತಪ್ಪು," ಅಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, "ಚೋಟು ಉಳೀತದಿಲ್ಲ?"

ಹತ್ತು ಲೀಟರ್ ಬದಲಿಸಿ ಪಂಪು ಜೋರು ಮಾಡಿದೆ. ತೆಗೆದ ನೀರನ್ನು ಬಚ್ಚಲಿಗೆ ಚೆಲ್ಲಿದೆವು. ಗಿಡಕ್ಕೆ ಹಾಕಿದ್ದರೆ ಗಿಡವೂ ಹೋಗುತ್ತಿತ್ತು. ಉಪ್ಪನ್ನು ಒಮ್ಮೆಲೇ ಇಳಿಸಿದರೆ ಅದೂ ಪೆಟ್ಟೇ. ಮರುದಿನದಿಂದ ಎರಡೆರಡು ಲೀಟರ್ ತೆಗೆದು ಬರೀ ಆರ್‌ಒ ನೀರು ಹಾಕುತ್ತ ನಾಲ್ಕು ದಿನದಲ್ಲಿ 35ರ ಹತ್ತಿರ ತಂದೆ. ಊಟ ಅರ್ಧಕ್ಕಿಳಿಸಿದೆವು. ಚೋಟು ಮೂರು ದಿನ ಮೂಲೆ ಬಿಟ್ಟು ಕದಲಲಿಲ್ಲ. ನಾಲ್ಕನೆಯ ದಿನ ಕಿಟ್ಟಿನ ನೀರು ಹಳದಿಯಾಯಿತು, ಚೋಟು ಕಾಳಿಗೆ ಬಾಯಿ ಹಾಕಿತು. ಮಗಳು ಓಣಿಗೆಲ್ಲ ಸುದ್ದಿ ಮುಟ್ಟಿಸಿ ಬಂದಳು.

ರಾಜನನ್ನು ಹಿತ್ತಲ ಕರಿಬೇವಿನ ಗಿಡದ ಹತ್ತಿರ ಬೆಕ್ಕಿಗೆ ಸಿಗದಂತೆ ಮೊಳದಾಳ ಅಗೆದು ಹೂತೆವು. ಆಗ ಅವಳಿಗೆ ಇನ್ನೊಂದು ಸಂಗತಿ ಹೇಳಿದೆ. ಕ್ಲೌನ್ ಮೀನುಗಳ ಜೋಡಿಯಲ್ಲಿ ದೊಡ್ಡದು ಯಾವಾಗಲೂ ಹೆಣ್ಣು. ನಮ್ಮ ರಾಜ ನಿಜಕ್ಕೂ ರಾಣಿ! ಹೆಣ್ಣು ಸತ್ತರೆ ಉಳಿದ ಗಂಡು ನಿಧಾನವಾಗಿ ತಾನೇ ಹೆಣ್ಣಾಗಿ ಬದಲಾಗುತ್ತದೆ. 2003ರಲ್ಲಿ ಬಂದ 'ಫೈಂಡಿಂಗ್ ನೀಮೊ' ಚಿತ್ರ ನೋಡಿದವರು ಗಮನಿಸಿ: ನಿಜವಾದ ಸಮುದ್ರದಲ್ಲಾದರೆ ನೀಮೊನ ಅಪ್ಪನೇ ಅಮ್ಮನಾಗಬೇಕಿತ್ತು.

ಈಗ ತೊಟ್ಟಿಯ ಗಾಜಿನ ಮೇಲೆ ಮಗಳು ಎಳೆದ ಕಪ್ಪು ಗೆರೆ ಇದೆ. ನೀರು ಗೆರೆಗಿಂತ ಕೆಳಗಿಳಿದರೆ ಬರೀ ನೀರು ಹಾಕುವುದು ಅವಳ ಕೆಲಸ, ವಾರಕ್ಕೊಮ್ಮೆ ಉಪ್ಪು ಅಳೆಯುವುದು ನನ್ನದು. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪೊಂದು ಬಂದಿದೆ. ಹೊಸ ಮೀನು ಸದ್ಯಕ್ಕಿಲ್ಲ. ಮುಂದೆ ತಂದರೆ ಸಮುದ್ರದಿಂದ ಹಿಡಿದದ್ದಲ್ಲ, ಸಾಕಣೆಯಲ್ಲಿ ಹುಟ್ಟಿದ್ದೇ ಬೇಕು ಎಂದು ಅಂಗಡಿಯವನಿಗೆ ಹೇಳಿಟ್ಟಿದ್ದೇನೆ. ಕ್ಲೌನ್ ಮೀನುಗಳನ್ನು ಮರಿ ಮಾಡಿಸುವ ವಿದ್ಯೆ ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರಿಗೆ ಕರಗತವಾಗಿದೆ.

ಚೋಟು ಸ್ವಲ್ಪ ದಪ್ಪಗಾಗಿದೆ. ಹೆಣ್ಣಾದರೆ ಹೆಸರು ಬದಲಿಸೋಣವೇ ಎಂದು ಮೊನ್ನೆ ಕೇಳಿದೆ. "ಬ್ಯಾಡ," ಅಂದಳು ಮಗಳು, "ಅದಕ್ಕ ಈ ಹೆಸರು ರೂಢಿ ಆಗ್ಯಾದ."