ಅಪ್ಪನ ವಿಲ್ ಎಲ್ಲಿದೆ, ನಿಮಗೆ ಗೊತ್ತಾ?

ವೀಡಿಯೋ ನೋಡೋಕೆ ಟೈಮ್ ಆಗಲ್ಲ, ಓದಿಕೊಳ್ತೀವಿ ಅನ್ನೋರಿಗೆ ಈ ಬರಹ. ಮಾತಾಡಿದ್ದನ್ನೇ ಸ್ವಲ್ಪ ಸರಿಮಾಡಿ ಬರೆದಿದ್ದೇನೆ.

ನಮ್ಮ ಅಪ್ಪ ಗದಗಿನಲ್ಲಿ ಹೈಸ್ಕೂಲ್ ಮಾಸ್ತರಾಗಿದ್ದರು. ರಿಟೈರ್ ಆದ ಮೇಲೆ ಒಂದು ದಿನ ಫೋನಿನಲ್ಲಿ, "ಮೃತ್ಯುಪತ್ರ ಬರದೇನಿ ನೋಡಪಾ, ಜೋಪಾನಾಗಿ ಇಟ್ಟೇನಿ" ಅಂದರು. ವಿಲ್‌ಗೆ ನಮ್ಮ ಕಡೆ ಹಿರಿಯರು ಹೇಳೋದು ಹಾಗೇ. ನಾನು ಮೀಟಿಂಗಿಗೆ ಜಾಯಿನ್ ಆಗೋ ಗಡಿಬಿಡಿಯಲ್ಲಿದ್ದೆ. "ಛಲೋ ಆತಪ್ಪಾ" ಅಂದು ಫೋನ್ ಇಟ್ಟೆ. ಎಲ್ಲಿ ಇಟ್ಟೀರಿ ಅಂತ ಕೇಳಲಿಲ್ಲ. ಕೇಳಿದ್ರೆ ಅವರ ಸಾವಿನ ಮಾತು ಎತ್ತಿದ ಹಾಗೆ ಆಗುತ್ತೆ ಅನ್ನೋ ಸಂಕೋಚವೂ ಇತ್ತು.

ಎರಡು ವರ್ಷ ಆದ ಮೇಲೆ ಅಪ್ಪ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು. ದಿನ ಕಾರ್ಯ ಎಲ್ಲ ಮುಗಿದ ಮೇಲೆ ಹುಡುಕೋಕೆ ಕೂತ್ವಿ. ಟ್ರಂಕು, ಬೀರು, ಹಳೇ ಪಂಚಾಂಗದ ಕಟ್ಟು, ಎಲ್ಲಾ ನೋಡಿದ್ವಿ. ಬ್ಯಾಂಕ್ ಲಾಕರ್ ಅಪ್ಪ ಒಬ್ಬರದೇ ಹೆಸರಲ್ಲಿ, ನಾಮಿನಿ ಇಲ್ಲ. ಅದನ್ನ ತೆಗೆಸೋಕೆ ತಿಂಗಳುಗಟ್ಟಲೆ ಓಡಾಟ ಆಯ್ತು. ಒಳಗಿದ್ದದ್ದು ಅವ್ವನ ಎರಡು ಬಳೆ ಮಾತ್ರ.

ಇನ್ನೊಂದು ನಾಚಿಕೆಯ ವಿಷಯ. ನಾನು ಎಂ.ಟೆಕ್ ಮಾಡಿದವನು, ಕಂಪನಿಯಲ್ಲಿ ನನ್ನ ಕೆಲಸವೇ ಸ್ಟೋರೇಜ್, ಬ್ಯಾಕಪ್. ಅಪ್ಪನ ಕಾಗದಗಳನ್ನ ಸ್ಕ್ಯಾನ್ ಮಾಡಿ ಅವರ ಆನ್‌ಲೈನ್ ಅಕೌಂಟಿಗೆ ಹಾಕಿ, ಟೂ-ಸ್ಟೆಪ್ ವೆರಿಫಿಕೇಶನ್ ಇಟ್ಟುಕೊಟ್ಟವನೂ ನಾನೇ. ಅವರು ಹೋದ ಮೇಲೆ ಆ ಸಿಮ್ ರೀಚಾರ್ಜ್ ಮಾಡಿಸೋದು ಯಾರಿಗೂ ನೆನಪಾಗಲಿಲ್ಲ. ಓಟಿಪಿ ಬರೋದು ನಿಂತಿತ್ತು. ಕಳ್ಳರಿಗೆ ಸಿಗಬಾರದು ಅಂತ ಮಾಡಿದ್ದು ಮಕ್ಕಳಿಗೂ ಸಿಗದ ಹಾಗಾಯ್ತು.

ಅಷ್ಟರಲ್ಲಿ ಕಾಕಾ, "ಅಣ್ಣ ಮೃತ್ಯುಪತ್ರ ಬರದೇ ಇಲ್ಲ" ಅಂತ ಮಂದಿ ಮುಂದೆ ಹೇಳೋಕೆ ಶುರು ಮಾಡಿದ್ದರು. ಮನೆ ಅಪ್ಪ ಸ್ವಂತ ದುಡಿದು ಕಟ್ಟಿಸಿದ್ದು. ವಿಲ್ ಇಲ್ಲ ಅಂದ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಕ್ಕಳ ಜೊತೆ ತೀರಿಕೊಂಡವರ ತಾಯಿಗೂ ಸಮಪಾಲು ಬರುತ್ತೆ. ಅಂದ್ರೆ ಅವ್ವ, ನಾನು, ತಂಗಿ, ಮತ್ತೆ ನಮ್ಮ ಅಜ್ಜಿ. ಅಜ್ಜಿಯ ಪಾಲಿನಲ್ಲಿ ಮುಂದೆ ಕಾಕಾಗೂ ಹಕ್ಕು. ಅಪ್ಪ ಇಡೀ ಮನೆಯನ್ನ ಅವ್ವನ ಹೆಸರಿಗೆ ಬರೆದಿದ್ದೀನಿ ಅಂದಿದ್ದರು, ಆದರೆ ಅದನ್ನ ತೋರಿಸೋಕೆ ನಮ್ಮ ಹತ್ತಿರ ಒಂದು ಹಾಳೆಯೂ ಇರಲಿಲ್ಲ.

ಐದನೇ ತಿಂಗಳು ಅದು ಸಿಕ್ಕಿದ್ದು ಅವ್ವನ ಸೀರೆ ಟ್ರಂಕಿನಲ್ಲಿ. ಅಪ್ಪ ಒಂದು ಖಾಕಿ ಲಕೋಟೆ ಕೊಟ್ಟು, ಇದನ್ನ ತೆಗೆದಿಡು ಅಂದಿದ್ದರಂತೆ. ಎಲ್ಐಸಿ ಕಾಗದ ಇರಬೇಕು ಅಂತ ಅವ್ವ ಇಟ್ಟಿದ್ದಳು. "ನೀವು ಯಾರೂ ನನ್ನ ಕೇಳಲೇ ಇಲ್ಲಲ್ಲೋ" ಅಂದಳು. ನಿಜ. ಕಾಗದಪತ್ರದ ಮಾತು ಬಂದಾಗೆಲ್ಲ ನಾವು ಅವ್ವನಿಗೆ ಚಹಾ ಮಾಡೋಕೆ ಹೇಳ್ತಿದ್ವಿ.

ಈಗ ಕಾನೂನಿನ ಕಡೆ ಬರೋಣ. ನಾನು ವಕೀಲ ಅಲ್ಲ. ಓಡಾಡಿ, ಓದಿ, ವಕೀಲರನ್ನ ಕೇಳಿ ತಿಳಿದುಕೊಂಡದ್ದು ಇದು.

ನಮ್ಮಂಥವರು ಮೊದಲು ಮರೆಯಬೇಕಾದದ್ದು ಪಿಡಿಎಫ್. 2000ದ ಐಟಿ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೆ, ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿದೆ ನಿಜ. ಆದ್ರೆ ಅದರ ಮೊದಲ ಶೆಡ್ಯೂಲಿನಲ್ಲೇ ವಿಲ್ ಅನ್ನು ಹೊರಗಿಟ್ಟಿದ್ದಾರೆ. ವಿಲ್ ಅಂದ್ರೆ ಕಾಗದ, ಅದರ ಮೇಲೆ ಬರೆದವರ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ. ಇದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್. ಡಿಜಿಲಾಕರಿನಲ್ಲಿ ವಿಲ್ ಸ್ಕ್ಯಾನ್ ಇಟ್ಟರೆ ಏನು ಬರೆದಿದೆ ಅಂತ ಗೊತ್ತಾಗುತ್ತೆ ಅಷ್ಟೇ, ಮೂಲ ಪ್ರತಿಯ ಜಾಗ ಅದು ತುಂಬಲ್ಲ.

ಮೂಲ ಪ್ರತಿ ಕಳೆದರೆ ಆಗೋ ತೊಂದರೆ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು. ವಿಲ್ ರದ್ದು ಮಾಡೋಕೆ ಕಾನೂನು ಒಪ್ಪಿರುವ ದಾರಿಗಳಲ್ಲಿ ಅದನ್ನ ಬೇಕಂತಲೇ ಹರಿದುಹಾಕೋದೂ ಒಂದು. ಹಾಗಾಗಿ ಕೊನೆಗೆ ಬರೆದವರ ಕೈಯಲ್ಲೇ ಇದ್ದ ವಿಲ್ ಅವರು ಹೋದ ಮೇಲೆ ಸಿಗದಿದ್ದರೆ, ಅವರೇ ಮನಸ್ಸು ಬದಲಿಸಿ ಹರಿದಿರಬಹುದು ಅಂತ ಕೋರ್ಟು ಭಾವಿಸೋಕೆ ಅವಕಾಶ ಇದೆ. ಹಾಗಲ್ಲ ಅಂತ ತೋರಿಸೋ ಭಾರ ನಮ್ಮ ಮೇಲೆ. ಜೆರಾಕ್ಸ್ ಹಿಡಿದುಕೊಂಡು ಆ ವಾದ ಮಾಡೋದು ಸುಲಭ ಅಲ್ಲ.

ಇದಕ್ಕೇ ರಿಜಿಸ್ಟ್ರೇಶನ್ ಒಳ್ಳೇದು ಅನ್ನೋದು. ಕಡ್ಡಾಯ ಏನಲ್ಲ. ವಿಲ್‌ಗೆ ಸ್ಟಾಂಪ್ ಡ್ಯೂಟಿಯೂ ಇಲ್ಲ. ರಿಜಿಸ್ಟರ್ ಮಾಡಿಸಿದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ದಾಖಲೆಯಲ್ಲಿ ಒಂದು ಪ್ರತಿ ಉಳಿಯುತ್ತೆ. ಬರೆದವರು ಬದುಕಿರುವಷ್ಟು ದಿನ ಅವರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ ಬಿಟ್ಟು ಬೇರೆ ಯಾರಿಗೂ ಅದರ ನಕಲು ಕೊಡಲ್ಲ. ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿ ದೃಢೀಕೃತ ನಕಲು ತಗೋಬಹುದು. ಆದ್ರೆ ಯಾವ ಆಫೀಸು, ಯಾವ ವರ್ಷ, ನಂಬರ್ ಎಷ್ಟು ಅನ್ನೋದು ಮನೆಯವರಿಗೆ ಗೊತ್ತಿರಬೇಕು. ಇಡೀ ದೇಶದ ವಿಲ್‌ಗಳನ್ನ ಒಂದೇ ಕಡೆ ಹುಡುಕೋ ವ್ಯವಸ್ಥೆ ನಮ್ಮಲ್ಲಿಲ್ಲ.

ಹೊರರಾಜ್ಯದಲ್ಲಿರೋರಿಗೆ ಒಂದು ಅನುಕೂಲ ಇದೆ. ಆಸ್ತಿ ಹುಬ್ಬಳ್ಳಿಯಲ್ಲಿದ್ದರೂ ವಿಲ್ ಅನ್ನ ಪುಣೆಯಲ್ಲೋ ಚೆನ್ನೈಯಲ್ಲೋ ರಿಜಿಸ್ಟರ್ ಮಾಡಿಸಬಹುದು. ಭಾಷೆ ಮಾತ್ರ ನೋಡಿಕೊಳ್ಳಿ. ಅಧಿಕಾರಿಗೆ ಬಾರದ, ಆ ಜಿಲ್ಲೆಯಲ್ಲಿ ಬಳಕೆ ಇಲ್ಲದ ಭಾಷೆಯಲ್ಲಿ ಬರೆದಿದ್ದರೆ ಅನುವಾದ ಜೊತೆಗಿಡಬೇಕು. ಅಂದ್ರೆ ಪುಣೆಯಲ್ಲಿ ಕನ್ನಡ ವಿಲ್‌ಗೆ ಮರಾಠಿ ಪ್ರತಿ ಬೇಕಾಗುತ್ತೆ. ಸೊಲ್ಲಾಪುರದವರು ಬೇಕಾದ್ರೆ ಅಲ್ಲಿ ಕನ್ನಡ ಬಳಕೆಯಲ್ಲಿದೆ ಅಂತ ವಾದ ಮಾಡಬಹುದು!

ರಿಜಿಸ್ಟರ್ ಆದರೂ ಸಾಕ್ಷಿಗಳ ಕೆಲಸ ಮುಗಿಯಲ್ಲ. ತಕರಾರು ಬಂದು ಕೋರ್ಟಿಗೆ ಹೋದರೆ, ಬದುಕಿರುವ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು. ಅಪ್ಪನ ವಿಲ್‌ಗೆ ಸಹಿ ಹಾಕಿದ ಇಬ್ಬರೂ ಅವರದೇ ವಯಸ್ಸಿನ ಮಾಸ್ತರುಗಳು. ಒಬ್ಬರು ಅಪ್ಪನಿಗಿಂತ ಮೊದಲೇ ತೀರಿಕೊಂಡಿದ್ದರು, ಇನ್ನೊಬ್ಬರು ಹೈದರಾಬಾದಿನಲ್ಲಿ ಮಗಳ ಮನೆ ಸೇರಿದ್ದರು. ಸಾಕ್ಷಿ ನಮಗಿಂತ ಚಿಕ್ಕವರಿರಲಿ, ವಿಲ್‌ನಲ್ಲಿ ಪಾಲು ಇರೋರು ಬೇಡ. ಅವರ ಅಡ್ರೆಸ್, ಫೋನ್ ನಂಬರ್ ಬರೆದಿಡಿ.

ಹಾಗಾದ್ರೆ ಮೂಲ ಪ್ರತಿ ಎಲ್ಲಿಡೋದು? ಲಾಕರಿನಲ್ಲಿ ಇಡೋದಾದ್ರೆ ಜಂಟಿ ಹೆಸರಿರಲಿ, ನಾಮಿನಿ ಇರಲಿ. ಒಬ್ಬರದೇ ಹೆಸರಿನ ಲಾಕರಿನಲ್ಲಿ ವಿಲ್ ಇಡೋದು, ಕಾರಿನ ಕೀಲಿಯನ್ನ ಕಾರೊಳಗೇ ಇಟ್ಟು ಬಾಗಿಲು ಹಾಕಿದ ಹಾಗೆ. ಯಾರಿಗೂ ತೋರಿಸೋದು ಬೇಡ ಅನ್ನೋರು ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರ್ ಹತ್ತಿರ ಠೇವಣಿ ಇಡಬಹುದು, 1908ರ ನೋಂದಣಿ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಮನೆಯಲ್ಲೇ ಇಟ್ಟರೂ ತಪ್ಪಿಲ್ಲ. ಎರಡು ಮೂಲ ಪ್ರತಿ ಮಾತ್ರ ಮಾಡಬೇಡಿ, ಒಂದು ಸಿಕ್ಕಿ ಒಂದು ಸಿಗದಿದ್ದರೆ ಹೊಸ ತಲೆನೋವು.

ವಿಲ್ ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರ ದೊಡ್ಡ ಕಾಗದ ಫ್ಲ್ಯಾಟಿನದು, ಲೋನ್ ಇರೋವರೆಗೂ ಅದರ ಮೂಲ ಪತ್ರ ಬ್ಯಾಂಕಿನ ಹತ್ತಿರ. ಏನೇನು ಕೊಟ್ಟಿದ್ದೀವಿ ಅನ್ನೋ ಪಟ್ಟಿಗೆ ಬ್ಯಾಂಕಿನ ಸೀಲ್ ಹಾಕಿಸಿ ಇಟ್ಟುಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಈ ಆರ್‌ಬಿಐ ನಿಯಮ ಲೋನ್ ತಗೊಂಡ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಈಗ ನಾನು ಮಾಡಿರೋದು ಇಷ್ಟು. ಒಂದೇ ಹಾಳೆ, ಕೈಬರಹದಲ್ಲಿ, ಕನ್ನಡದಲ್ಲಿ, ಯಾಕಂದ್ರೆ ಅವ್ವನೂ ಓದಬೇಕು. ಯಾವ ಕಾಗದ, ಎಲ್ಲಿದೆ, ಯಾರನ್ನ ಕೇಳಬೇಕು, ಅಷ್ಟೇ. ಪಾಸ್‌ವರ್ಡ್ ಅದರಲ್ಲಿಲ್ಲ, ಯಾರಿಗೆ ಎಷ್ಟು ಅನ್ನೋದೂ ಇಲ್ಲ. ಒಂದು ಪ್ರತಿ ಹೆಂಡತಿ ಹತ್ತಿರ, ಒಂದು ತಂಗಿ ಹತ್ತಿರ, ಒಂದು ಅವ್ವನ ಅದೇ ಟ್ರಂಕಿನಲ್ಲಿ. ದಸರೆಗೆ ತೆಗೆದು ತಿದ್ದಿ, ತಾರೀಖು ಹಾಕಿ, ಹಳೇದನ್ನ ಹರಿದುಹಾಕ್ತೀವಿ.

ಬ್ಯಾಕಪ್ ಅಂದ್ರೆ ರಿಸ್ಟೋರ್ ಮಾಡಿ ನೋಡಬೇಕಲ್ಲ. ಹೋದ ಭಾನುವಾರ ಹೆಂಡತಿಗೆ ಆ ಹಾಳೆ ಕೊಟ್ಟು, "ನಾನಿಲ್ಲ ಅಂದುಕೋ, ಟರ್ಮ್ ಇನ್ಶೂರೆನ್ಸ್ ಪಾಲಿಸಿ ಹುಡುಕು" ಅಂದೆ. ಮೊದಲು ಚೆನ್ನಾಗಿ ಬೈದಳು. ಆಮೇಲೆ ಹುಡುಕಿದಳು, ಅರ್ಧ ಗಂಟೆಯಾದರೂ ಸಿಗಲಿಲ್ಲ. "ಮೇಲಿನ ಕಪಾಟು" ಅಂತ ಬರೆದಿದ್ದೆ, ನಮ್ಮ ಮನೆಯಲ್ಲಿ ಮೇಲಿನ ಕಪಾಟು ಮೂರಿವೆ. ಈಗ "ಬೆಡ್‌ರೂಮಿನ ಕಪಾಟು, ಎಡಗಡೆ, ನೀಲಿ ಫೈಲು" ಅಂತ ತಿದ್ದಿದ್ದೀನಿ.

ಕಾಕಾ ವಿಲ್ ಓದಿದರು, ಏನೂ ಮಾತಾಡಲಿಲ್ಲ. ಈಗ ನಮ್ಮ ಮನೆಗೆ ಬರೋದು ಕಡಿಮೆ ಆಗಿದೆ. ಆ ಐದು ತಿಂಗಳಲ್ಲಿ ಎರಡೂ ಕಡೆ ಆಡಿದ ಮಾತು ಅವ್ವ ಇನ್ನೂ ನೆನೆಸಿಕೊಳ್ತಾಳೆ.